ಅಡಿ ಲೆಕ್ಕದ ಸಿನಿಮಾ: ರೀಲಿನಲ್ಲಿ ಕಿರುಚಿತ್ರ ತೆಗೆದ ಮದ್ರಾಸಿನ ದಿನಗಳು

ಚೆನ್ನೈ: 400 ಅಡಿ ಉದ್ದದ 35 ಎಂ.ಎಂ. ಫಿಲ್ಮ್ ಕ್ಯಾಮರಾದೊಳಗೆ ಓಡಿ ಮುಗಿಯಲು ನಾಲ್ಕೂವರೆ ನಿಮಿಷವೂ ಬೇಡ. ಮೊಬೈಲ್‌ನಲ್ಲಿ ಮಗುವಿನ ಹುಟ್ಟುಹಬ್ಬವನ್ನು ಗಂಟೆಗಟ್ಟಲೆ ಚಿತ್ರಿಸುವ ಇಂದಿನವರಿಗೆ ಈ ಲೆಕ್ಕ ವಿಚಿತ್ರವೆನಿಸಬಹುದು. ಆದರೆ ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂ ಬೀದಿಗಳಲ್ಲಿ ಸಿನಿಮಾದ ಕನಸು ಹೊತ್ತು ಓಡಾಡಿದ ಎರಡು ಮೂರು ತಲೆಮಾರಿನ ಯುವಕರು ಈ ಲೆಕ್ಕದಲ್ಲೇ ಉಸಿರಾಡಿದವರು.

ಒಂದು ಸೆಕೆಂಡಿಗೆ 24 ಚೌಕಟ್ಟು, ಒಂದು ಅಡಿಗೆ 16 ಚೌಕಟ್ಟು, ಅಂದರೆ ನಿಮಿಷಕ್ಕೆ 90 ಅಡಿ. ಹತ್ತು ನಿಮಿಷದ ಕಿರುಚಿತ್ರಕ್ಕೆ ತೆರೆಯ ಮೇಲೆ ಕಾಣುವುದು 900 ಅಡಿಯಾದರೂ, ಪ್ರತಿ ದೃಶ್ಯವನ್ನು ಸರಾಸರಿ ನಾಲ್ಕು ಬಾರಿ ತೆಗೆದರೆ 3600 ಅಡಿ, ಅಂದರೆ ಒಂಬತ್ತು ಡಬ್ಬಿ ಬೇಕು. ಫಿಲ್ಮ್ ಕೊಂಡರೆ ಮುಗಿಯಲಿಲ್ಲ. ಅದನ್ನು ಲ್ಯಾಬ್‌ನಲ್ಲಿ ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಎಲ್ಲದಕ್ಕೂ ಅಡಿಗಿಷ್ಟು ಎಂದೇ ದರ. ನಟ ಒಂದು ಮಾತು ತಪ್ಪಿದರೂ ಹಣ ಹೋಯಿತು. ಅದೇ ಚಿತ್ರವನ್ನು 16 ಎಂ.ಎಂ.ನಲ್ಲಿ ತೆಗೆದರೆ ನಿಮಿಷಕ್ಕೆ 36 ಅಡಿ ಸಾಕು. ಕೈ ಬಿಗಿಯಿದ್ದವರು ಆ ದಾರಿ ಹಿಡಿಯುತ್ತಿದ್ದುದು ಇದಕ್ಕಾಗಿಯೇ.

ಇನ್ನೊಂದು ದಾರಿ 'ಶಾರ್ಟ್ ಎಂಡ್'. ದೊಡ್ಡ ಕಂಪೆನಿಗಳ ಚಿತ್ರೀಕರಣದಲ್ಲಿ ಡಬ್ಬಿಯ ಕೊನೆಗೆ ನೂರೋ ನೂರೈವತ್ತೋ ಅಡಿ ಮಿಕ್ಕುತ್ತದೆ. ಅದನ್ನು ಕತ್ತಲಲ್ಲಿ ಕತ್ತರಿಸಿ, ಮತ್ತೆ ಕಪ್ಪು ಚೀಲಕ್ಕೆ ಹಾಕಿ, ಡಬ್ಬಿಯ ಮೇಲೆ ಎಷ್ಟು ಅಡಿ ಎಂದು ಬರೆದಿಡುತ್ತಿದ್ದರು. ಪರಿಚಯವಿದ್ದವರಿಗೆ ಇಂಥ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಆದರೆ ತುಂಡು ಹಳೆಯದಾಗಿದ್ದರೆ ಮಂಜು ಕವಿದಂತೆ ಬಿಳಿಚಿಕೊಂಡಿರುವ ಭಯ. ಹಾಗಾಗಿ ಮೊದಲು ಒಂದೆರಡು ಅಡಿ ತೊಳೆಸಿ ನೋಡುವುದು ಜಾಣತನ. ಹೊರಾಂಗಣದಲ್ಲಿ ಬಿಸಿಲನ್ನೇ ನಂಬುವುದು, ತಾಲೀಮು ಮನೆಯಲ್ಲೇ ಮುಗಿಸುವುದು, ಗದ್ದಲದ ಆರಿಫ್ಲೆಕ್ಸ್ 2ಸಿ ಕ್ಯಾಮರಾ ಬಳಸಿ ಮಾತನ್ನೆಲ್ಲ ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸುವುದು, ಇವೆಲ್ಲ ಕಲೆಗಿಂತ ಹೆಚ್ಚಾಗಿ ಜೇಬಿನ ತೀರ್ಮಾನಗಳು. ಆಮದು ಫಿಲ್ಮಿಗೆ ಕಟ್ಟುಪಾಡಿದ್ದ ಕಾಲದಲ್ಲಿ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಕಪ್ಪು ಬಿಳುಪು ಫಿಲ್ಮ್ ಕೂಡ ಇತ್ತು.

ಮದ್ರಾಸಿಗೂ ಕನ್ನಡ ಚಿತ್ರರಂಗಕ್ಕೂ ಇದ್ದ ನಂಟನ್ನು ಇಲ್ಲಿನ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಡಾ. ರಾಜಕುಮಾರ್ ಇಲ್ಲಿ ಬಾಳಿದರು; ಶಿವರಾಜಕುಮಾರ್, ಪುನೀತ್ ಇಬ್ಬರೂ ಹುಟ್ಟಿದ್ದು ಈ ಊರಿನಲ್ಲೇ. ಆದರೆ ಸ್ಟುಡಿಯೋಗಳ ವೈಭವದ ಕಥೆಯ ಪಕ್ಕದಲ್ಲಿ, ಸ್ಟುಡಿಯೋ ಇಲ್ಲದೆ, ಹಣವಿಲ್ಲದೆ ತೆಗೆದ ಇನ್ನೊಂದು ಸಿನಿಮಾದ ಬೇರೂ ಇಲ್ಲಿದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಅದು 'ಸಂಸ್ಕಾರ'. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದರು. ಸಂಜೆಯಾದರೆ 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ನಾಟಕ ತಂಡ. ಅದೇ ತಂಡದ ಸ್ನೇಹಲತಾ ರೆಡ್ಡಿ ಚಂದ್ರಿಯಾದರು, ಅವರ ಪತಿ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರಾದರು, ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದರು. ಕಲಾ ನಿರ್ದೇಶನಕ್ಕೆ ಚೋಳಮಂಡಲ ಕಲಾಗ್ರಾಮದ ಎಸ್.ಜಿ. ವಾಸುದೇವ್, ಕ್ಯಾಮರಾಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಬಳಿಯ ವೈಕುಂಠಪುರದ ನಿಜವಾದ ಮನೆಗಳೇ ಅಗ್ರಹಾರವಾದವು. ಸೆಟ್ಟಿನ ಖರ್ಚು ಉಳಿಯಿತು. ಕಿರುಚಿತ್ರ ತೆಗೆಯುವವರು ಬಳಸುತ್ತಿದ್ದ ಉಪಾಯಗಳನ್ನೇ ಪೂರ್ಣಪ್ರಮಾಣದ ಚಿತ್ರಕ್ಕೆ ಬಳಸಿದ್ದು ಇಲ್ಲಿನ ವಿಶೇಷ.

ಹೀಗೆ ಕೂಡಿಸಿದ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ನಿಷೇಧ ಹೇರಿದಾಗ ಪಣಕ್ಕಿದ್ದುದು ಹಣವಷ್ಟೇ ಅಲ್ಲ. ಕೇಂದ್ರ ವಾರ್ತಾ ಸಚಿವಾಲಯ ನಿಷೇಧ ತೆರವುಗೊಳಿಸಿದ ಮೇಲೆ ಚಿತ್ರ ತೆರೆಕಂಡು, 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ಅವರು ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ 1977ರ ಜನವರಿಯಲ್ಲಿ ತೀರಿಕೊಂಡರು.

ಕಿರುಚಿತ್ರದಿಂದಲೇ ಬೆಳೆದವರ ಪೈಕಿ ಗಿರೀಶ ಕಾಸರವಳ್ಳಿ ಅವರ ಹೆಸರು ಮುಂಚೂಣಿಯಲ್ಲಿದೆ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ ತೆಗೆದ 'ಅವಶೇಷ್' ರಾಷ್ಟ್ರಪ್ರಶಸ್ತಿ ಪಡೆಯಿತು. ಆಮೇಲೆ 1977ರಲ್ಲಿ ಬಂದದ್ದು 'ಘಟಶ್ರಾದ್ಧ'. ಚೆನ್ನೈನ ತರಮಣಿಯ ಸರಕಾರಿ ಸಂಸ್ಥೆಯಲ್ಲೂ, ಸಾಲಿಗ್ರಾಮದ ಎಲ್.ವಿ. ಪ್ರಸಾದ್ ಅಕಾಡೆಮಿಯಲ್ಲೂ ವಿದ್ಯಾರ್ಥಿಗಳು ಫಿಲ್ಮಿನಲ್ಲೇ ಚಿತ್ರ ತೆಗೆದು ಕಲಿತ ಕಾಲವಿತ್ತು. ಬಾಲು ಮಹೇಂದ್ರ ಅವರ ಮೊದಲ ಚಿತ್ರ 'ಕೋಕಿಲಾ' (1977), ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಎರಡೂ ಕನ್ನಡದವು ಎಂಬುದನ್ನು ಇಲ್ಲಿನ ತಮಿಳು ಗೆಳೆಯರಿಗೆ ಹೇಳಿದರೆ ಇಂದಿಗೂ ಅಚ್ಚರಿಪಡುವವರಿದ್ದಾರೆ.

2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಫ್ಯೂಜಿ ಸಿನಿಮಾ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸಿತು. ಚೆನ್ನೈನಲ್ಲಿ ಫಿಲ್ಮ್ ತೊಳೆಯುವ ಯಂತ್ರಗಳೂ ಒಂದೊಂದಾಗಿ ನಿಂತವು. ಅದೇ ಪ್ರಸಾದ್ ಸಂಸ್ಥೆ ಈಗ ಹಳೆಯ ರೀಲುಗಳನ್ನು ಸ್ಕ್ಯಾನ್ ಮಾಡಿ ಸರಿಪಡಿಸುವ ಕೆಲಸಕ್ಕೆ ಹೆಸರಾಗಿದೆ. ನೆಗೆಟಿವ್ ಉಳಿದಿದ್ದರಿಂದಲೇ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆ ಕಂಡಿತು. ಕಿರುಚಿತ್ರಗಳಿಗೆ ಆ ಭಾಗ್ಯ ಕಡಿಮೆ. ಎಷ್ಟೋ ಚಿತ್ರಗಳಿಗೆ ಇದ್ದದ್ದೇ ಒಂದು ಪ್ರಿಂಟು.

ಸಂಘದ ಸದಸ್ಯರ ಮನೆಗಳಲ್ಲಿ, ಅದರಲ್ಲೂ ಚಿತ್ರರಂಗದಲ್ಲಿ ದುಡಿದ ಹಿರಿಯರಿದ್ದ ಕುಟುಂಬಗಳಲ್ಲಿ, ಅಟ್ಟದ ಮೇಲೆ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿಗಳಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡುವುದು ಒಳ್ಳೆಯದು. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಆರಂಭವಾಗಿದೆ ಎಂದರ್ಥ. ಚೆನ್ನೈನ ಸೆಕೆ, ತೇವಕ್ಕೆ ಇದು ಬೇಗ ಹಬ್ಬುತ್ತದೆ. ಅಂಥ ಡಬ್ಬಿಯನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ, ಒಣ ಜಾಗದಲ್ಲಿಡಬೇಕು. ಪ್ರೊಜೆಕ್ಟರ್‌ಗೆ ಹಾಕಿ ಓಡಿಸುವ ಸಾಹಸ ಬೇಡ. 2022ರಲ್ಲಿ ಎನ್.ಎಫ್.ಡಿ.ಸಿ.ಯೊಂದಿಗೆ ವಿಲೀನವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಪತ್ರ ಬರೆದು, ಡಬ್ಬಿಯ ಮೇಲಿರುವ ಹೆಸರು, ವರ್ಷ, ಎಷ್ಟು ಅಡಿ ಎಂಬುದನ್ನು ಹಾಗೆಯೇ ತಿಳಿಸಿದರೆ ಸಾಕು.