ಎರಡು ಫೋಟೊ, ಒಂದೇ ಮೂಲೆ: ಹೋಲಿಕೆ ಅಳೆಯುವ ಬಗೆ

ಒಂದೇ ಕಟ್ಟಡದ ಎರಡು ಫೋಟೊಗಳನ್ನು ಸೇರಿಸಿ ಪನೋರಮಾ ಮಾಡಬೇಕೆಂದರೆ, ಇದರಲ್ಲಿರುವ ಕಿಟಕಿಯ ಮೂಲೆ ಅದರಲ್ಲಿ ಎಲ್ಲಿದೆ ಎಂಬುದು ಕಂಪ್ಯೂಟರಿಗೆ ತಿಳಿಯಬೇಕು. ಪಿಕ್ಸೆಲ್‌ಗಳ ಬಣ್ಣವನ್ನೇ ಹೋಲಿಸಿದರೆ ಆಗದು. ಕ್ಯಾಮೆರಾ ತುಸು ವಾಲಿದರೂ, ಬಿಸಿಲು ಮಂಕಾದರೂ ಲೆಕ್ಕ ಕೆಡುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋ 1999ರಲ್ಲಿ ಮಂಡಿಸಿದ ‘ಸಿಫ್ಟ್’ ವಿಧಾನ ಈ ತೊಡಕನ್ನು ಬಿಡಿಸಿತು. ಮೂಲೆಯ ಸುತ್ತಲಿನ ತುಣುಕನ್ನು 16 ಮನೆಗಳಾಗಿ ಭಾಗಿಸಿ, ಪ್ರತಿ ಮನೆಯಲ್ಲೂ ಬೆಳಕು ಯಾವ ದಿಕ್ಕಿಗೆ ಎಷ್ಟು ಏರುತ್ತದೆ ಎಂದು 8 ದಿಕ್ಕುಗಳಲ್ಲಿ ಲೆಕ್ಕ ಹಾಕುತ್ತಾರೆ. ಸಿಗುವುದು 128 ಸಂಖ್ಯೆಗಳ ಸಾಲು. ದಿಕ್ಕನ್ನು ತುಣುಕಿನ ಪ್ರಧಾನ ದಿಕ್ಕಿನಿಂದಲೇ ಅಳೆಯುವುದರಿಂದ ಫೋಟೊ ತಿರುಗಿದರೂ ಸಾಲು ಹೆಚ್ಚು ಬದಲಾಗುವುದಿಲ್ಲ. ಎರಡು ಸಾಲುಗಳ ನಡುವಿನ ಅಂತರ (ಯೂಕ್ಲಿಡ್ ಅಂತರ) ಕಡಿಮೆಯಾದಷ್ಟೂ ಹೋಲಿಕೆ ಹೆಚ್ಚು.

ಆದರೆ ಎಷ್ಟು ಕಡಿಮೆಯಾದರೆ ಸಾಕು? ನಿಜವಾದ ತೊಂದರೆ ಇರುವುದು ಇಲ್ಲಿ. ಎಲ್ಲಕ್ಕೂ ಒಂದೇ ಮಿತಿ ಇಟ್ಟರೆ ನಡೆಯದು: ಕೆಲವು ಬಿಂದುಗಳು ಬೇರೆಲ್ಲಿಯೂ ಸಿಗದಷ್ಟು ವಿಶಿಷ್ಟ, ಕೆಲವು ಎಲ್ಲೆಡೆ ಕಾಣುವಂಥವು. 2004ರ ಪ್ರಬಂಧದಲ್ಲಿ ಲೋ ಕೊಟ್ಟ ಉತ್ತರ ಸರಳ, ನನ್ನ ಮಟ್ಟಿಗೆ ಇಡೀ ವಿಧಾನದ ಅತ್ಯಂತ ಸೊಗಸಾದ ಭಾಗ. ಅತಿ ಹತ್ತಿರದ ಜೋಡಿಯ ಅಂತರವನ್ನು ಎರಡನೆಯ ಹತ್ತಿರದ ಜೋಡಿಯ ಅಂತರದಿಂದ ಭಾಗಿಸಿ, 0.8ಕ್ಕಿಂತ ಹೆಚ್ಚು ಬಂದರೆ ಬಿಟ್ಟುಬಿಡಿ. ಮೊದಲಿನದು 0.30, ಎರಡನೆಯದು 0.60 ಆಗಿದ್ದರೆ ಭಾಗಲಬ್ಧ 0.5, ಒಪ್ಪಬಹುದು. ಎರಡನೆಯದು 0.32 ಆಗಿದ್ದರೆ ಸುಮಾರು 0.94, ಮೊದಲ ಅಂತರ ಅದೇ 0.30 ಆದರೂ ನಂಬುವಂತಿಲ್ಲ. ಲೋ ನಡೆಸಿದ ಪರೀಕ್ಷೆಯಲ್ಲಿ ಈ ಮಿತಿ ಶೇ 90ರಷ್ಟು ತಪ್ಪು ಜೋಡಿಗಳನ್ನು ತೆಗೆದುಹಾಕಿತು; ಸರಿಯಾದವುಗಳಲ್ಲಿ ಕಳೆದುಹೋದದ್ದು ಶೇ 5ಕ್ಕಿಂತ ಕಡಿಮೆ.

ಸಾಲುಸಾಲಾಗಿ ಒಂದೇ ತೆರನ ಕಿಟಕಿಗಳಿರುವ ಗೋಡೆಯಲ್ಲಿ ಮಾತ್ರ ಇದು ಸರಿಯಾದ ಜೋಡಿಗಳನ್ನೂ ತಳ್ಳಿಹಾಕುತ್ತದೆ. ಉಳಿದವುಗಳಲ್ಲೂ ತಪ್ಪುಗಳಿರಬಹುದು. ಅವುಗಳನ್ನು ಸೋಸಲು ಜೋಡಿಗಳೆಲ್ಲ ಒಂದೇ ಜ್ಯಾಮಿತಿಗೆ ಹೊಂದುತ್ತವೆಯೇ ಎಂದು ‘ರ್‍ಯಾನ್‌ಸ್ಯಾಕ್’ ವಿಧಾನದಿಂದ ನೋಡುತ್ತಾರೆ.

ಸಿಫ್ಟ್‌ನ ಸಂಖ್ಯೆಗಳ ಸಾಲಿನ ಬದಲು, 2011ರಲ್ಲಿ ಬಂದ ‘ಓಆರ್‌ಬಿ’ ವಿಧಾನದಲ್ಲಿ ಬಿಂದುವಿನ ವಿವರಣೆ 256 ಬಿಟ್‌ಗಳದು. ಅಲ್ಲಿ ಎಷ್ಟು ಬಿಟ್‌ಗಳು ಬೇರೆಯಾಗಿವೆ ಎಂದು ಎಣಿಸಿದರೆ ಸಾಕು. ಇದೇ ಹ್ಯಾಮಿಂಗ್ ಅಂತರ. ಪ್ರೊಸೆಸರ್‌ಗೆ ಇದು ಬಹಳ ಬೇಗದ ಕೆಲಸ. ಚಿತ್ರ ಸಂಸ್ಕರಣೆಯ ತಂತ್ರಾಂಶ ಓಪನ್‌ಸಿವಿಯಲ್ಲಿ ಜೋಡಿ ಹುಡುಕುವ ಬ್ರೂಟ್ ಫೋರ್ಸ್ ಮ್ಯಾಚರ್‌ಗೆ ನೀವೇನೂ ಹೇಳದಿದ್ದರೆ ಅದು ಯೂಕ್ಲಿಡ್ ಅಂತರವನ್ನೇ ಹಿಡಿಯುತ್ತದೆ. ಸಿಫ್ಟ್‌ಗೆ ಅದು ಸರಿ. ಓಆರ್‌ಬಿ ಬಳಸುವಾಗ ಮರೆಯದೆ ಹ್ಯಾಮಿಂಗ್‌ಗೆ ಬದಲಾಯಿಸಿಕೊಳ್ಳಿ.