ಅಘನಾಶಿನಿ ಅಳಿವೆ: ಕಾಯುವ ಕೈಗೆ ಆದಾಯವೂ ಬರಲಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ನದಿಯು ಘಟ್ಟವಿಳಿದು, ಕುಮಟಾ ತಾಲ್ಲೂಕಿನ ಅಘನಾಶಿನಿ ಮತ್ತು ತದಡಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಹರಿವಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. ಆದ್ದರಿಂದ ಅಳಿವೆಯ ನೀರು ಮಳೆಗಾಲದಲ್ಲಿ ಸಿಹಿಯಾಗಿಯೂ ಬೇಸಿಗೆಯಲ್ಲಿ ಉಪ್ಪಾಗಿಯೂ ಇಂದಿಗೂ ತನ್ನ ಸಹಜ ಕ್ರಮದಲ್ಲೇ ಬದಲಾಗುತ್ತಿದೆ. ಇಲ್ಲಿನ ಬೇಸಾಯ, ಮೀನುಗಾರಿಕೆ, ಕಾಂಡ್ಲಾ ಕಾಡು ಎಲ್ಲವೂ ಈ ಕ್ರಮಕ್ಕೇ ಹೊಂದಿಕೊಂಡು ಬೆಳೆದಿವೆ.

ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿರುವುದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಸುಮಾರು 6,000ದಿಂದ 7,500 ಕುಟುಂಬಗಳ ಜೀವನೋಪಾಯಕ್ಕೆ ಅಳಿವೆಯೇ ಆಧಾರವೆಂದು ಅಂದಾಜಿಸಲಾಗಿದೆ. ಇದು ಸಂತೋಷದ ವಿಷಯ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಳಿವೆ ಉಳಿಯುವುದಿಲ್ಲ. ಹೆಸರು ಬಂದಲ್ಲಿಗೆ ಪ್ರವಾಸಿಗರೂ ಬರುತ್ತಾರೆ. ಅವರು ತರುವ ಹಣ ಯಾರಿಗೆ ಸೇರಬೇಕು, ಯಾವುದಕ್ಕೆ ಖರ್ಚಾಗಬೇಕು ಎಂಬುದನ್ನು ಊರಿನವರು ಮೊದಲೇ ನಿರ್ಧರಿಸುವುದು ಒಳ್ಳೆಯದು.

ಗಜನಿ ಬೇಸಾಯ

ಅಳಿವೆಯ ಅಂಚಿನ ತಗ್ಗು ಭೂಮಿಯೇ ಗಜನಿ. ಮಣ್ಣು ಕಲ್ಲುಗಳ ಒಡ್ಡು ಹಾಕಿ, ತೂಬಿಗೆ ಹಲಗೆಯ ಬಾಗಿಲಿಟ್ಟು ಭರತದ ನೀರನ್ನು ಬೇಕಾದಾಗ ಒಳಬಿಡುವುದು, ಬೇಡವಾದಾಗ ತಡೆಯುವುದು ಇಲ್ಲಿನ ಪದ್ಧತಿ. ಮುಂಗಾರು ಹಿಡಿದ ಮೇಲೆ ಮಳೆನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಇಳಿತದ ಸಮಯದಲ್ಲಿ ತೂಬು ತೆರೆದು ಆ ನೀರನ್ನು ಹೊರಬಿಡುತ್ತಾರೆ. ಉಪ್ಪು ಇಳಿದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜವನ್ನು ಎರಚುತ್ತಾರೆ.

ಸಾಮಾನ್ಯ ಭತ್ತದ ತಳಿಗಳಲ್ಲಿ ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಇಳುವರಿ ಕುಸಿಯತೊಡಗುತ್ತದೆ. ಸಸಿಯ ಹಂತದಲ್ಲಿಯೂ ಹೂ ಬಿಡುವ ಹಂತದಲ್ಲಿಯೂ ಬೆಳೆಗೆ ಉಪ್ಪಿನ ಬಾಧೆ ಹೆಚ್ಚು. ಕಗ್ಗ ಎತ್ತರವಾಗಿ ಬೆಳೆಯುವ, ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಡೆದುಕೊಳ್ಳುವ ತಳಿ. ಇದಕ್ಕೆ ರಾಸಾಯನಿಕ ಗೊಬ್ಬರ ಹಾಕುವ ರೂಢಿಯಿಲ್ಲ. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಬಿಟ್ಟರೆ ಉಳಿದ ಕೂಳೆ ಕೊಳೆತು ಸೀಗಡಿ ಮತ್ತು ಮೀನುಮರಿಗಳಿಗೆ ಆಹಾರವಾಗುತ್ತದೆ. ಅವು ಬಿಟ್ಟುಹೋದ ಸಾರ ಮುಂದಿನ ಭತ್ತಕ್ಕೆ ಒದಗುತ್ತದೆ. ಕೇರಳದ ಪೊಕ್ಕಾಳಿ, ಗೋವೆಯ ಖಾಜನ್ ಬೇಸಾಯಗಳೂ ಇದೇ ಬಗೆಯವು.

ಒಡ್ಡು ಒಡೆದರೆ

ಒಂದು ಒಡ್ಡಿನೊಳಗೆ ಅನೇಕರ ಹಿಡುವಳಿಗಳಿರುತ್ತವೆ. ತೂಬು ತೆರೆಯುವುದಾಗಲಿ ಮುಚ್ಚುವುದಾಗಲಿ ಒಬ್ಬನ ಕೆಲಸವಲ್ಲ. ಒಡ್ಡು ಒಂದೆಡೆ ಕುಸಿದರೂ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಕೂಲಿಯ ಖರ್ಚಿಗೆ ಹೆದರಿ ಕೆಲವರು ಗದ್ದೆ ಬೀಳುಬಿಟ್ಟರೆ ರಿಪೇರಿಯ ಹೊರೆ ಉಳಿದವರ ಮೇಲೆ ಬೀಳುತ್ತದೆ. ಕಡೆಗೆ ಅವರೂ ಕೈಬಿಡುತ್ತಾರೆ. ಆಗ ವರ್ಷವಿಡೀ ಉಪ್ಪುನೀರು ನಿಲ್ಲಿಸುವ ಸೀಗಡಿ ಸಾಕಣೆಗೆ ಇಡೀ ಗಜನಿಯನ್ನು ಗುತ್ತಿಗೆಗೆ ಕೊಡುವುದು ಸುಲಭವೆನಿಸುತ್ತದೆ. ಗುತ್ತಿಗೆಯ ಹಣ ಕೈಗೆ ಬರುತ್ತದೆ, ನಿಜ. ಆದರೆ ಕರಾವಳಿಯ ತೇವದ ಹವೆಯಲ್ಲಿ ಮನೆಯಲ್ಲಿಟ್ಟ ಭತ್ತದ ಬೀಜ ಬಹುಕಾಲ ಮೊಳೆಯುವ ಶಕ್ತಿ ಉಳಿಸಿಕೊಳ್ಳುವುದಿಲ್ಲ. ಎರಡು ಮೂರು ವರ್ಷ ಬಿತ್ತದೆ ಬಿಟ್ಟ ಮನೆಯಲ್ಲಿ ಕಗ್ಗದ ಬೀಜ ಮುಗಿದಂತೆಯೇ. ಪೇಟೆಯ ಬೀಜದಂಗಡಿಯಲ್ಲಿ ಅದು ಸಿಗುವಂಥದಲ್ಲ.

ಒಡ್ಡಿನ ಹೊರಬದಿಯ ಕಾಂಡ್ಲಾ ಗಿಡಗಳನ್ನು ಕಡಿಯುವುದೂ ಒಡ್ಡನ್ನೇ ಕಡಿದಂತೆ. ಅವುಗಳ ಬೇರು ಅಲೆಯ ಹೊಡೆತವನ್ನು ತಗ್ಗಿಸಿ ಮಣ್ಣನ್ನು ಹಿಡಿಯುತ್ತದೆ. ಮೀನು, ಸೀಗಡಿ ಮರಿಗಳಿಗೆ ಆಶ್ರಯ ಕೊಡುತ್ತದೆ.

ಬೆಳಚಿನ ಪಾಠ

ಇಳಿತದ ವೇಳೆಯಲ್ಲಿ ಬೆಳಚು ಆಯುವುದು ಇಲ್ಲಿನ ಬಹುಜನರ, ವಿಶೇಷವಾಗಿ ಹೆಂಗಸರ ಉದ್ಯೋಗ. ಸಣ್ಣ ಮರಿಗಳನ್ನೂ ಬಾಚಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಕೇರಳದ ಅಷ್ಟಮುಡಿ ಸರೋವರದಲ್ಲಿ 1990ರ ದಶಕದ ಆರಂಭದಲ್ಲಿ ಚಿಪ್ಪಿನ ಇಳುವರಿ ಕುಸಿದಾಗ, ವಿಜ್ಞಾನಿಗಳ ಸಲಹೆಯಂತೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಚಿಪ್ಪು ತೆಗೆಯುವುದನ್ನು ನಿಲ್ಲಿಸುವ ಮತ್ತು ಬಲೆಯ ಕಣ್ಣನ್ನು 30 ಮಿ.ಮೀ.ಗಿಂತ ಕಿರಿದು ಮಾಡದಿರುವ ಕಟ್ಟುಪಾಡು ಜಾರಿಗೆ ಬಂದಿತು. ಅಲ್ಲಿನ ಚಿಪ್ಪುಗಾರಿಕೆಗೆ 2014ರಲ್ಲಿ ಮರೈನ್ ಸ್ಟುವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ದೊರೆಯಿತು. ಭಾರತದ ಮೀನುಗಾರಿಕೆಗೆ ಅದು ಮೊದಲನೆಯದು. ಅಘನಾಶಿನಿಯಲ್ಲಿ ಯಾವ ತಿಂಗಳು ಬಿಡಬೇಕೆಂಬುದನ್ನು ಇಲ್ಲಿನ ಬೆಳಚು ಮರಿಹಾಕುವ ಕಾಲ ನೋಡಿಯೇ ನಿರ್ಧರಿಸಬೇಕು. ಆದರೆ ಆಯುವವರೇ ಒಪ್ಪಿ ನಿಯಮ ಪಾಲಿಸಿದರೆ ಫಲವಿದೆ ಎಂಬುದಕ್ಕೆ ಅಷ್ಟಮುಡಿ ಸಾಕ್ಷಿ.

ಪ್ರವಾಸೋದ್ಯಮ ಹೇಗಿರಬೇಕು?

ಗೋಕರ್ಣಕ್ಕೂ ಮಿರ್ಜಾನ್ ಕೋಟೆಗೂ ಬರುವವರು ಅಳಿವೆಗೆ ಸಮೀಪದಲ್ಲೇ ಹಾದುಹೋಗುತ್ತಾರೆ. ಇವರಿಗೆ ತೋರಿಸಲು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಮಳೆಗಾಲದ ಬಿತ್ತನೆ, ಅಕ್ಟೋಬರ್ ಸುಮಾರಿನ ಕೊಯ್ಲು, ಚಳಿಗಾಲದ ವಲಸೆ ಹಕ್ಕಿಗಳು, ಸಾಣಿಕಟ್ಟಾದ ಉಪ್ಪಿನ ಆಗರ, ಇಳಿತದ ಬೆಳಚು, ಇವೇ ನೋಡತಕ್ಕವು. ಊರಿನವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಪ್ರತಿ ಗಜನಿಯ ರೈತರು ಸಂಘವಾಗಿ ಸೇರಿ ಒಡ್ಡಿನ ನಿಧಿಯೊಂದನ್ನು ತೆರೆಯಬೇಕು. ದೋಣಿ, ಊಟ, ವಸತಿಯ ಆದಾಯದಲ್ಲಿ ನಿಗದಿತ ಪಾಲು ಮೊದಲು ಇದಕ್ಕೆ ಸೇರತಕ್ಕದ್ದು.

2. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು, ತನ್ನ ವ್ಯಾಪ್ತಿಯಲ್ಲಿ ವಾಣಿಜ್ಯಕ್ಕಾಗಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯಬಹುದು. ಈ ಸಮಿತಿಯಲ್ಲಿ ಬೆಳಚು ಆಯುವ ಹೆಂಗಸರೂ ಇರುವಂತೆ ನೋಡಿಕೊಳ್ಳಬೇಕು.

3. ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದ ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರಿದೆ. ನಡೆದಾಡುವ ಅಟ್ಟಣೆ ಕಟ್ಟುವ ಮೊದಲು ಅನುಮತಿ ಅಗತ್ಯ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಇಂತಹ ಅಟ್ಟಣೆಯಿದೆ. ಅದನ್ನು ನೋಡಿ ಬರುವುದು ಉಪಯುಕ್ತ.

4. ಹಕ್ಕಿಗಳು ಇಳಿಯುವ ಕೆಸರು ಬಯಲಿಗೆ ಯಂತ್ರದ ದೋಣಿ ಒಯ್ಯಬಾರದು. ಹುಟ್ಟು ಹಾಕುವ ದೋಣಿಯೇ ಸಾಕು.

5. ಅತಿಥಿಗಳಿಗೆ ಕಗ್ಗದ ಕೆಂಪಕ್ಕಿಯನ್ನೇ ಬಡಿಸಿ, ಮಾರಬೇಕು. ಬೆಲೆ ಸಿಕ್ಕಿದರೆ ಬಿತ್ತುವವರೂ ಹೆಚ್ಚುತ್ತಾರೆ.

6. ಊರಿಗೊಂದರಂತೆ ಬೀಜದ ಕಣಜವಿಟ್ಟು, ಪ್ರತಿ ವರ್ಷ ತಪ್ಪದೆ ಬಿತ್ತಿ ಬೀಜ ಹೊಸದು ಮಾಡಬೇಕು.

ಪ್ರವಾಸಿಯ ಹಣವನ್ನೇ ನೆಚ್ಚಿ ಬೇಸಾಯ ಬಿಡುವುದು ಮಾತ್ರ ಸಲ್ಲದು. ಮಳೆಗಾಲದಲ್ಲಿ ಪ್ರವಾಸಿ ಬಾರದಿರಬಹುದು. ಆದರೆ ಒಡ್ಡು ಕಾಯಬೇಕಾದ ಕಾಲವೇ ಅದು. ಗಜನಿಯಲ್ಲಿ ಕಗ್ಗ ನಿಂತಿರುವವರೆಗೆ ಒಡ್ಡು ನೋಡಿಕೊಳ್ಳುವ ಜನರಿರುತ್ತಾರೆ. ಅವರು ಊರಿನಲ್ಲಿ ಉಳಿದರೆ ಮಾತ್ರ ಅಳಿವೆಯೂ ಉಳಿಯುತ್ತದೆ. ಆದ್ದರಿಂದ ಬರುವ ಆದಾಯದಲ್ಲಿ ಮೊದಲ ಪಾಲು ಒಡ್ಡಿಗೆ ಸಲ್ಲಲಿ.