ಬಂಗಲೆಯೂ ಜಗಲಿಯೂ

ಬಂಗಲೆಯೆಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಹಿಂದೆ ಅಧಿಕಾರಿಗಳು ಮೊಕ್ಕಾಂ ಮಾಡುತ್ತಿದ್ದ ಪ್ರವಾಸಿ ಬಂಗಲೆ. ಈ ಶಬ್ದದ ತವರು ವಂಗದೇಶ. ಅಲ್ಲಿನ ತಗ್ಗು ಮಾಡಿನ ಹುಲ್ಲುಮನೆಗಳ ಮಾದರಿಯಲ್ಲಿ ಆಂಗ್ಲರು ತಮ್ಮ ವಸತಿಗಳನ್ನು ಕಟ್ಟಿಸಿಕೊಂಡರು. ಹೆಸರು ಅವರೊಡನೆ ಕಡಲು ದಾಟಿ ಅಮೆರಿಕವನ್ನೂ ಮುಟ್ಟಿತು.

ಯಂತ್ರಗಳು ಸಕಲ ವಸ್ತುಗಳನ್ನೂ ಒಂದೇ ಅಚ್ಚಿನಲ್ಲಿ ತೆಗೆಯತೊಡಗಿದಾಗ, ಕೈಗೆಲಸದ ಗೌರವವನ್ನು ಉಳಿಸಬೇಕೆಂದು ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಸಾರಿದರು. ಅಮೆರಿಕದಲ್ಲಿ ಗುಸ್ಟಾವ್ ಸ್ಟಿಕ್ಲಿ ಎಂಬ ಪೀಠೋಪಕರಣಗಳ ತಯಾರಕನು 1901ರಿಂದ 1916ರವರೆಗೆ ‘ಕ್ರಾಫ್ಟ್ಸ್‌ಮನ್’ ಎಂಬ ಪತ್ರಿಕೆಯನ್ನು ನಡೆಸಿ, ಸಾಮಾನ್ಯ ಗೃಹಸ್ಥರಿಗೆ ತಕ್ಕ ಮನೆಗಳ ನಕ್ಷೆಗಳನ್ನು ಪ್ರಕಟಿಸಿದನು. ಪತ್ರಿಕೆಯ ಹೆಸರೇ ಶೈಲಿಗೂ ನಿಂತಿತು. ಮುಂದಕ್ಕೆ ಚಾಚಿದ ಸೂರು, ಮರೆಮಾಡದ ತೊಲೆಜಂತೆಗಳು, ದಪ್ಪ ಕಂಬಗಳ ಮುಂಜಗಲಿ, ಇವು ಅದರ ಲಕ್ಷಣಗಳು.

ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ ಗ್ರೀನ್ ಸಹೋದರರು 1908ರಲ್ಲಿ ಗ್ಯಾಂಬಲ್ ಎಂಬ ಮನೆತನಕ್ಕಾಗಿ ರಚಿಸಿದ ಗೃಹವು ಈ ಶೈಲಿಯ ಶಿಖರ. ಅದರ ಮುಂಬಾಗಿಲು ಬರ್ಮಾ ತೇಗದ್ದು. ಎರಡನೆಯ ಮಹಾಯುದ್ಧದ ತರುವಾಯ ಆ ಮನೆತನದವರು ಅದನ್ನು ಮಾರಲು ಯೋಚಿಸಿದರಂತೆ. ಕೊಳ್ಳಬಂದವರು ಒಳಗಿನ ಮರಗೆಲಸಕ್ಕೆ ಬಿಳಿಯ ಬಣ್ಣ ಬಳಿಯುವ ಮಾತೆತ್ತಿದುದನ್ನು ಕೇಳಿ ಮಾರಾಟವನ್ನೇ ಕೈಬಿಟ್ಟರೆಂದು ಹೇಳುವರು. 1966ರಲ್ಲಿ ಅದು ನಗರಕ್ಕೆ ದಾನವಾಗಿ ಸಂದಿತು. ಅದೇ ನಗರದ ಒಂದು ಬಡಾವಣೆಯ ಸಾಧಾರಣ ಬಂಗಲೆಗಳ ಸಮೂಹಕ್ಕೂ 1989ರಲ್ಲಿ ರಕ್ಷಣೆ ದೊರೆಯಿತು. ಸಿರಿವಂತರ ಮನೆ ಮಾತ್ರವೇ ರಕ್ಷಣಾರ್ಹವೆಂದು ಅವರು ಎಣಿಸಲಿಲ್ಲ.

ಈ ಲಕ್ಷಣಗಳಾವುವೂ ನಮಗೆ ಹೊಸವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಬೀದಿಗಳಲ್ಲಿ ನಡೆದವರು ಹೆಂಚಿನ ಮಾಡನ್ನೂ, ಬೋದಿಗೆಯ ಕಂಬಗಳನ್ನೂ, ಬೀದಿಗೆ ಮೊಗವಿಟ್ಟ ಜಗಲಿಯನ್ನೂ ಕಂಡಿರುವರು. ಸಂಸ್ಕೃತದಲ್ಲಿ ಇಂತಹ ಮುಂಜಗಲಿಗೆ ಅಲಿಂದವೆಂದು ಹೆಸರು. ದಾರಿಗನಿಗೆ ನೆರಳು, ನೆರೆಯವರಿಗೆ ಮಾತಿನ ತಾಣ, ಮಕ್ಕಳಿಗೆ ಪಾಠದ ಪೀಠ, ಎಲ್ಲವೂ ಅದೇ. ಸೋದರರಲ್ಲಿ ಪಾಲಾದ ಮನೆಯಲ್ಲಿ ಮೊದಲು ಅಳಿಯುವುದೂ ಅದೇ. ಆ ಮೂರಡಿಯ ನೆಲ ಅಂಗಡಿಮಳಿಗೆಯಾಗುವುದು, ಕಂಬಗಳು ಹಳೆಯ ಮರದ ವ್ಯಾಪಾರಿಯ ಪಾಲಾಗುವುವು.

ಜನರು ಮನಸ್ಸು ಮಾಡಿದರೆ ಮನೆ ಉಳಿಯುವುದೆಂಬುದಕ್ಕೆ ನಿದರ್ಶನ ನಮ್ಮ ನಾಡಿನಲ್ಲಿಯೂ ಉಂಟು. ಮೈಸೂರಿನ ಯಾದವಗಿರಿ ಬಡಾವಣೆಯಲ್ಲಿ ಕಾದಂಬರಿಕಾರ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವತೊಡಗಿದ್ದರು. ಸಾರ್ವಜನಿಕರು ಆಕ್ಷೇಪಿಸಿದ ಮೇಲೆ ಆ ಕಾರ್ಯ ನಿಂತಿತು. ಜೀರ್ಣೋದ್ಧಾರವಾಗಿ 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು.

ಕತ್ತಲೆಯ ನಡುಮನೆಯನ್ನೂ ಹೊಗೆಯ ಅಡಿಗೆಮನೆಯನ್ನೂ ಹಾಗೆಯೇ ಉಳಿಸಿಕೊಳ್ಳಿರೆಂದು ನಾವು ಹೇಳೆವು. ಕಿಟಕಿಗಳನ್ನು ಹಿಗ್ಗಿಸಬಹುದು, ಒಳಗೆ ನಲ್ಲಿಯನ್ನೂ ದೀಪವನ್ನೂ ತರಬಹುದು. ಮಾಡು ಸೋರಿದ ಮಾತ್ರಕ್ಕೆ ಮನೆಯನ್ನೇ ಉರುಳಿಸಬೇಕಾಗಿಲ್ಲ; ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸಿ, ಗೆದ್ದಲು ಹಿಡಿದ ಜಂತೆಯನ್ನು ಬದಲಿಸಿದರೆ ಅನೇಕ ವೇಳೆ ಸಾಕಾಗುವುದು. ಗೋಡೆ ಕೆಡಹುವ ಮೊದಲು ಅನುಭವಿಯಾದ ಬಡಗಿಯೊಬ್ಬನನ್ನು ಕರೆಸಿ ಮರವನ್ನು ಪರೀಕ್ಷಿಸಿರಿ. ಕೆಡಹಲೇಬೇಕಾದಲ್ಲಿ ನಕ್ಷೆಯನ್ನೂ ಚಿತ್ರಗಳನ್ನೂ ತೆಗೆದಿಡಿರಿ. ಕಂಬಗಳನ್ನು ಹೊಸ ಮನೆಯ ಮುಂದೆ ನಿಲ್ಲಿಸಿರಿ. ಬಂದವರಿಗೆ ಕುಳ್ಳಿರಲು ಹೊರಗೊಂದು ಎಡೆಯಿಲ್ಲದ ಮನೆ ಎಷ್ಟು ಎತ್ತರವಾದರೂ ಗೃಹಸ್ಥಾಶ್ರಮಕ್ಕೆ ಸಾಲದು.